ಮರಳಿ ಬಂದ ಜಾವಾ

ಪುಸ್ತಕಗಳನ್ನೂ ನಾಟಕಗಳನ್ನೂ ಕುರಿತು ಬರೆಯುವ ಈ ಪುಟದಲ್ಲಿ ಮೋಟಾರ್ ಸೈಕಲ್ಲಿಗೇನು ಕೆಲಸ ಎಂದು ಓದುಗರು ಕೇಳಬಹುದು. ನಾನೂ ಮೊದಲು ಹಾಗೆಯೇ ಕೇಳಿಕೊಂಡೆ. ಆದರೆ ಹಳೆಯ ಕೃತಿಯೊಂದನ್ನು ಹೊಸಬರು ಎತ್ತಿಕೊಂಡು ಮತ್ತೆ ಬರೆದಾಗ ವಿಮರ್ಶಕನಾದವನು ಯಾವ ಪ್ರಶ್ನೆಗಳನ್ನು ಕೇಳುತ್ತಾನೋ, ಅವೇ ಪ್ರಶ್ನೆಗಳು ನಮ್ಮ ಅಣ್ಣನ ಮಗ ಹೊಸ ಜಾವಾ ತಂದು ಗೇಟಿನೊಳಗೆ ನಿಲ್ಲಿಸಿದ ದಿನ ನನ್ನ ತಲೆಯಲ್ಲಿ ಎದ್ದವು. ಇದು ಅನುವಾದವೇ, ಅನುಕರಣವೇ, ಅಥವಾ ಬರಿಯ ವೇಷವೇ?

ಮೈಸೂರಿನವರಿಗೆ ಈ ಪ್ರಶ್ನೆ ಸ್ವಲ್ಪ ಹತ್ತಿರದ್ದು. ಜಾವಾ ಎಂಬುದು ದ್ವೀಪದಿಂದ ಬಂದ ಹೆಸರಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಾಗ, ಎರಡು ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಇಟ್ಟ ಹೆಸರು. 1960ರ ದಶಕದ ಮೊದಲಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ಆ ಜೆಕ್ ಗಾಡಿ ನಮ್ಮೂರಿನದೇ ಆಗಿಹೋಯಿತು. 1973ರಲ್ಲಿ ಅದಕ್ಕೆ ಯೆಜ್ದಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇಪ್ಪತ್ತೆರಡು ವರ್ಷ ಕಳೆದು, 2018ರ ನವೆಂಬರಿನಲ್ಲಿ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಎಂಬ ಹೆಸರಿನಲ್ಲಿ ಗಾಡಿಯನ್ನು ಮತ್ತೆ ಹೊರತಂದಿತು. ಅದು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. 2022ರಲ್ಲಿ ಯೆಜ್ದಿಯೂ ಬಂತು. ಆ ಹೆಸರು ಯಾರದೆಂದು ಹೈಕೋರ್ಟಿನಲ್ಲಿ ವ್ಯಾಜ್ಯವೂ ನಡೆಯಿತು. ಕವಿ ತೀರಿಕೊಂಡ ಮೇಲೆ ಅಂಕಿತನಾಮಕ್ಕೆ ಜಗಳವಾದಂತೆ.

ಹಳೆಯದನ್ನು ನೋಡದವರಿಗಾಗಿ ಎರಡು ಮಾತು. ಅಣ್ಣ 1970ರಲ್ಲಿ ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೊಂಡದ್ದು ಕುಂಕುಮಗೆಂಪಿನ ಜಾವಾ 250. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಶಕ್ತಿ ಸುಮಾರು ಹನ್ನೆರಡು ಕುದುರೆಗಳದು. ಟ್ಯಾಂಕಿನ ಎರಡು ಪಕ್ಕಕ್ಕೂ ಮಿರುಗುವ ಕ್ರೋಮ್. ಮೊಣಕಾಲು ತಾಗುವಲ್ಲಿ ರಬ್ಬರ್ ಪಟ್ಟಿ. ಸ್ಪೀಡೋಮೀಟರು ದೀಪದ ಬುರುಡೆಯಲ್ಲೇ ಕುಳಿತಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಾದ ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ಹಿಂದೆ ನೀಲಿ ಹೊಗೆ ಬರುತ್ತಿತ್ತು. ಅದರ ಅತ್ಯಂತ ಜಾಣತನದ ಭಾಗ ಎಡಗಾಲಿನ ಸನ್ನೆ: ಅದೇ ಗೇರು, ಅದೇ ಕಿಕ್ಕರು. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಸ್ಟಾರ್ಟ್ ಮಾಡುವುದಕ್ಕೆ ಸಿದ್ಧ. ಮುಂದಕ್ಕೆ ತಂದರೆ ಗೇರು ಹಾಕುವುದಕ್ಕೆ ಸಿದ್ಧ. ಒಂದು ಶಬ್ದಕ್ಕೆ ಎರಡು ಅರ್ಥ ಹೊಂದಿಸಿದ ಶ್ಲೇಷೆಯಂತಿದ್ದ ಈ ಸನ್ನೆಯನ್ನು ಯಾರಿಗೂ ತೋರಿಕೆಗೆಂದು ಮಾಡಿದ್ದಲ್ಲ. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ.

ಈಗ ಹೊಸತು. ದೂರದಿಂದ ನೋಡಿದರೆ ಮೈ ಜುಮ್ಮೆನ್ನುತ್ತದೆ. ಅದೇ ಕೆಂಪು, ಅದೇ ಕ್ರೋಮ್, ಮೊಟ್ಟೆಯಾಕಾರದ ಅದೇ ಪಕ್ಕದ ಪೆಟ್ಟಿಗೆ, ಅವೇ ಎರಡು ಸೈಲೆನ್ಸರು. ಹತ್ತಿರ ಹೋದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ. 293 ಸಿಸಿಯ ಎಂಜಿನ್ನಿಗೆ ನಾಲ್ಕು ಸ್ಟ್ರೋಕು, ಆರು ಗೇರು, ಹೊರಗೆ ಬಂದಾಗ 27 ಅಶ್ವಶಕ್ತಿ. ಅದನ್ನು ತಣಿಸುವುದು ನೀರು. ಎದುರಿಗೆ ರೇಡಿಯೇಟರು ಇದೆ. ಕಪ್ಪು ಬಳಿದುಕೊಂಡು, ಮದುವೆಮನೆಗೆ ಕರೆಯದೆ ಬಂದ ನೆಂಟನಂತೆ ಕೊಳವೆಗಳ ನಡುವೆ ಅಡಗಿ ನಿಂತಿದೆ. ನೀರಿನಿಂದ ತಣಿಯುವ ಎಂಜಿನ್ನಿಗೂ ಗಾಳಿಯಿಂದ ತಣಿಯುತ್ತಿದ್ದ ಕಾಲದ ಗೀರುಗೀರು ರೆಕ್ಕೆಗಳು! ಇಲ್ಲಿ ನನಗೆ ರಸಾಭಾಸವಾಯಿತು. ಹಳೆಯದರಲ್ಲಿ ಅವು ದುಡಿಯುತ್ತಿದ್ದವು. ಇಲ್ಲಿ ಅವಕ್ಕೆ ನಿಂತು ಕಾಣಿಸಿಕೊಳ್ಳುವುದೇ ಕೆಲಸ.

ಈ ಆಟ ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬೇಡಿ. 1959ರಲ್ಲಿ ಹುಟ್ಟಿದ ಇಂಗ್ಲೆಂಡಿನ ಟ್ರಯಂಫ್ ಬಾನೆವಿಲ್ 2001ರಲ್ಲಿ ಮತ್ತೆ ಬಂತು. ಮುಂದೆ ಅದಕ್ಕೆ ಹೊಗೆಯ ಕಾನೂನಿಗೆ ತಕ್ಕಂತೆ ಫ್ಯುಯೆಲ್ ಇಂಜೆಕ್ಷನ್ ಜೋಡಿಸಿದಾಗ, ಆ ಭಾಗವನ್ನು ಹಳೆಯ ಕಾರ್ಬ್ಯುರೇಟರಿನ ಆಕಾರದಲ್ಲೇ ಎರಕ ಹೊಯ್ದರು. ನಕ್ಕುಬಿಡಬೇಕೆನ್ನಿಸುತ್ತದೆ. ಆದರೂ ಇಷ್ಟು ಪ್ರೀತಿಯಿಂದ ಸುಳ್ಳು ಹೇಳುವವರನ್ನು ಗದರಿಸುವುದಾದರೂ ಹೇಗೆ?

ಬುಲೆಟ್ಟಿನ ಮಾತು ಬೇರೆ. 1950ರ ದಶಕದಿಂದ ಮದರಾಸಿನಲ್ಲಿ ಅದರ ಒಲೆ ಆರಿದ್ದಿಲ್ಲ. ಇಂಗ್ಲೆಂಡಿನ ತವರು ಮುಚ್ಚಿಕೊಂಡ ಮೇಲೂ ಇಲ್ಲಿ ಅಡಿಗೆ ನಡೆದೇ ಇತ್ತು. 1948ರ ಮಾದರಿಯೊಂದರ ಛಾಯೆಯಲ್ಲಿ 2009ರಲ್ಲಿ ಬಂದ ಕ್ಲಾಸಿಕ್ಕಿಗೂ, 2021ರಲ್ಲಿ ನಡುಕ ತಗ್ಗಿಸಿಕೊಂಡು ಬಂದ ಅದರ ತಮ್ಮನಿಗೂ ಆ ಮನೆಯ ಅನ್ನದ ಋಣವಿದೆ. ಅದು ವಂಶ. ನಮ್ಮ ಜಾವಾದ್ದು ದತ್ತು. ದತ್ತಕವೇನೂ ಹೀನವಲ್ಲ, ಆದರೆ ದತ್ತುಮಗನಿಗೆ ತಾತನ ಮೀಸೆಯನ್ನು ಅಂಟಿಸಿ ನಿಲ್ಲಿಸಬೇಕಾಗಿರಲಿಲ್ಲ.

ಹಾಗಾದರೆ ಜನ ಏಕೆ ಒಲಿಯುತ್ತಾರೆ? ಹಳೆಯ ನೆನಪು ಎನ್ನುವುದು ಅರ್ಧ ಉತ್ತರ. ನೆನಪಿರುವ ಬಹುಮಂದಿ ಹಳೆಯ ಗಾಡಿಯನ್ನೇ ಉಜ್ಜಿ ಇಟ್ಟುಕೊಂಡು, ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಸೇರಿ ಹೊಗೆ ಬಿಡುತ್ತಾರೆ. ಹೊಸದನ್ನು ಕೊಂಡ ನಮ್ಮ ಹುಡುಗ ಹುಟ್ಟುವ ಹೊತ್ತಿಗೆ ಕಾರ್ಖಾನೆಯ ಬಾಗಿಲು ಮುಚ್ಚಿತ್ತು. ಅವನಿಗೆ ನೆನಪೆಲ್ಲಿಂದ ಬರಬೇಕು? ಕೇಳಿದರೆ, "ಚಿಕ್ಕಪ್ಪ, ಇದು ನೋಡೋಕೆ ಗಾಡಿ ಥರ ಇದೆ" ಎಂದ. ನಾನು ಮೊದಲು ನಕ್ಕೆ, ಆಮೇಲೆ ಯೋಚಿಸಿದೆ. ಅವನ ಮನೆಯಲ್ಲಿ ಫೋನು, ಟಿ.ವಿ., ಗಡಿಯಾರ, ಕೆಲಸದ ಯಂತ್ರ ಎಲ್ಲವೂ ಒಂದೇ ಬಗೆಯ ಕಪ್ಪು ಹಲಗೆ. ಒಳಗೆ ಏನು ನಡೆಯುತ್ತದೆಂದು ಯಾವುದೂ ಹೇಳುವುದಿಲ್ಲ. ಇಲ್ಲಿ ದೀಪ ದುಂಡಗಿದೆ, ಮುಳ್ಳು ಅಲುಗುತ್ತದೆ, ಎಂಜಿನ್ನು ಎಂಜಿನ್ನಿನಂತೆ ಕಾಣುತ್ತದೆ. ನಾನು ಸುಳ್ಳು ರೆಕ್ಕೆ ಎಂದು ಹಳಿದದ್ದು ಅವನಿಗೆ ಯಂತ್ರದ ಮುಖವೇ ಆಗಿದೆ. ನನ್ನ ತಕರಾರು ಬಿದ್ದುಹೋಗಲಿಲ್ಲ, ಆದರೆ ಸ್ವಲ್ಪ ತೆಳುವಾಯಿತು. ಡಿಸ್ಕ್ ಬ್ರೇಕು, ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ಇವುಗಳನ್ನು ಕಂಡು ಮೆಚ್ಚಿಕೊಂಡದ್ದೂ ನಿಜ. ಹಳೆಯ ಡ್ರಮ್ಮು ಬ್ರೇಕನ್ನು ನಂಬಿ ಚಾಮುಂಡಿ ಬೆಟ್ಟ ಇಳಿದವರಿಗೆ ಅದರ ಬೆಲೆ ಗೊತ್ತು.

ಇಷ್ಟೆಲ್ಲ ನನ್ನ ವಿಮರ್ಶೆ. ನಿಜವಾದ ವಿಮರ್ಶಕ ಜಗುಲಿಯ ಮೇಲೆ ಕುಳಿತಿದ್ದ. ಅಣ್ಣ ತನ್ನ ಜಾವಾವನ್ನು 1984ರಲ್ಲಿ ತಂಗಿಯ ಮದುವೆಗಾಗಿ ಮಾರಿದ. ಆ ಮೇಲೆ ಆ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅದರ ಹಿಂದಿನ ಸೀಟಿನಲ್ಲಿ ಕುಳಿತು ನಂಜನಗೂಡಿಗೆ ಹೋಗಿಬರುತ್ತಿದ್ದ ಅತ್ತಿಗೆ ತೀರಿಕೊಂಡು ಈಗ ಮೂರು ವರ್ಷ. ಮಗ ಈ ಗಾಡಿಯನ್ನು ತಂದದ್ದರಲ್ಲಿ ಅಪ್ಪನನ್ನು ಮಾತನಾಡಿಸುವ ಆಸೆಯೂ ಇತ್ತೆಂದು ನನಗೆ ತಿಳಿದಿತ್ತು. ಎಲ್ಲಿ ಮನಸ್ಸು ನೊಂದೀತೋ ಎಂದು ನಾನು ಹೆದರಿದ್ದೆ.

ಅಣ್ಣ ಎದ್ದು ಬಂದು ಟ್ಯಾಂಕಿನ ಮೇಲೆ ಕೈಯಿಟ್ಟ. ಹತ್ತಿ ಕುಳಿತ. ಅವನ ಎಡಗಾಲು ತನ್ನಷ್ಟಕ್ಕೆ ತಾನೇ ಸನ್ನೆಯನ್ನು ಹುಡುಕಿ, ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಲು ನೋಡಿತು. ಸನ್ನೆ ಅಲುಗಲಿಲ್ಲ.

"ಅಪ್ಪ, ಇದಕ್ಕೆ ಕಿಕ್ಕರ್ ಇಲ್ಲ. ಇಲ್ಲಿ ಬಟನ್ ಒತ್ತಿ."

ಒತ್ತಿದ. ಎಂಜಿನ್ನು ಮೃದುವಾಗಿ ನುಡಿಯಿತು. ಅಣ್ಣ ಕತ್ತು ವಾಲಿಸಿ ಸ್ವಲ್ಪ ಹೊತ್ತು ಕೇಳಿದ. ಹಿಂದೆ ತಿರುಗಿ ಹೊಗೆಗಾಗಿ ನೋಡಿದ. ಆಮೇಲೆ ಆರಿಸಿ ಕೆಳಗಿಳಿದ.

"ಆ ಶಬ್ದ ಇಲ್ಲ" ಎಂದ. ಮಗನ ಮುಖ ಬಾಡಿತು. ಅಣ್ಣ ಅದನ್ನು ಗಮನಿಸಿದನೋ ಇಲ್ಲವೋ, ಎರಡು ಹೆಜ್ಜೆ ನಡೆದವನು ನಿಂತು, ನಲವತ್ತು ವರ್ಷಗಳ ಹಿಂದೆ ನನಗೆ ದಿನವೂ ಹೇಳುತ್ತಿದ್ದ ಮಾತನ್ನೇ ಹೇಳಿದ:

"ಟ್ಯಾಂಕಿಗೆ ಬಿಸಿಲು ಬೀಳ್ತಾ ಇದೆ, ಆ ಕಡೆ ನೆರಳಿಗೆ ನಿಲ್ಲಿಸೋ."