ಓದಿನ ಸೋಲಿನ ಎರಡು ಮುಖಗಳು: ಲಬೊವ್ ಕೃತಿಯ ಮರುಪರಿಶೀಲನೆ

ಅಮೆರಿಕದ ಕಪ್ಪು ಮತ್ತು ಲ್ಯಾಟಿನೊ ಪುರುಷರಲ್ಲಿ ಓದನ್ನು ಬೆಳೆಸಬೇಕೆನ್ನುವ ಮಾತು ಬಹುಮಟ್ಟಿಗೆ ಅವರಲ್ಲಿ ಭಾಷಿಕ ಕೊರತೆಯಿದೆ ಎಂಬ ಗ್ರಹಿಕೆಯಿಂದ ಹೊರಡುತ್ತದೆ. ವಿಲಿಯಂ ಲಬೊವ್ ಅವರ 'ಲ್ಯಾಂಗ್ವೇಜ್ ಇನ್ ದಿ ಇನ್ನರ್ ಸಿಟಿ' (1972) ಈ ಗ್ರಹಿಕೆಯನ್ನು ಆಧಾರಸಹಿತವಾಗಿ ನಿರಾಕರಿಸಿತು. ಹಾರ್ಲೆಮ್‌ನ ಹುಡುಗರ ಗುಂಪುಗಳಲ್ಲಿ ಮಾತಿನ ಜಾಣ್ಮೆಗೆ ಅಪಾರ ಮನ್ನಣೆಯಿತ್ತು. ಆದರೂ ಗುಂಪಿನ ಸದಸ್ಯರೇ ಓದಿನ ಪರೀಕ್ಷೆಗಳಲ್ಲಿ ಹಿಂದುಳಿದಿದ್ದರು. ಸೋಲಿನ ಮುಖ್ಯ ಕಾರಣ ಶಾಲೆಯೊಡನೆ ಅವರಿಗಿದ್ದ ಮೌಲ್ಯಸಂಘರ್ಷ. ಉಪಭಾಷೆಯು ಅದರ ಸಂಕೇತ ಎಂಬುದು ಲಬೊವ್ ಅವರ ನಿಲುವು.

ಆದರೆ ಅವರದೇ ಪ್ರಯೋಗವೊಂದು ಭಾಷಿಕ ತೊಡಕನ್ನೂ ತೋರಿಸುತ್ತದೆ. 'ಓದು' ಎಂಬರ್ಥದ ಇಂಗ್ಲಿಷ್ ಕ್ರಿಯಾಪದಕ್ಕೆ ಭೂತಕಾಲದಲ್ಲಿಯೂ ಬರಹ ಒಂದೇ, ಉಚ್ಚಾರ ಮಾತ್ರ 'ರೆಡ್'. ವಾಕ್ಯದಲ್ಲಿ ಮೊದಲು ಬಂದ 'ಇಡಿ' ಪ್ರತ್ಯಯವನ್ನು ಹುಡುಗರು ಕಾಲಸೂಚಕವೆಂದು ಗ್ರಹಿಸಿದರೇ ಎಂಬುದನ್ನು ಈ ಉಚ್ಚಾರದಿಂದ ಅಳೆಯಲಾಯಿತು. ಹಲವರು ಗ್ರಹಿಸಿರಲಿಲ್ಲ. ಉಚ್ಚಾರಭೇದ ಯಾವುದು, ಅರ್ಥಗ್ರಹಣದ ದೋಷ ಯಾವುದು ಎಂದರಿಯದ ಅಧ್ಯಾಪಕರು ಎಲ್ಲವನ್ನೂ ತಿದ್ದತೊಡಗಿದರೆ ಓದುಗ ಮೌನಿಯಾಗುತ್ತಾನೆ.

ಕೃತಿಯ ಮಿತಿಯೂ ಸ್ಪಷ್ಟ. 1968ರ ಮೂಲ ವರದಿಯ ಶೀರ್ಷಿಕೆಯಲ್ಲಿದ್ದ ಪೋರ್ಟೊರಿಕೊ ಮೂಲದವರು 1972ರ ಗ್ರಂಥದ ಉಪಶೀರ್ಷಿಕೆಯಲ್ಲಿಲ್ಲ. ಬರಹ, ಉಚ್ಚಾರಗಳು ಸಮೀಪವಿರುವ ಸ್ಪ್ಯಾನಿಷ್‌ನಿಂದ ಇಂಗ್ಲಿಷ್ ಓದಿಗೆ ಬರುವವರ ತೊಡಕು ಬೇರೆಯದು. ಅದಕ್ಕೆ ಪ್ರತ್ಯೇಕ ವಿಶ್ಲೇಷಣೆ ಬೇಕಿತ್ತು.

ಆಲ್ವಿನ್ ಅರ್ಬಿ 2013ರಲ್ಲಿ ಆರಂಭಿಸಿದ 'ಬಾರ್ಬರ್‌ಶಾಪ್ ಬುಕ್ಸ್' ಕ್ಷೌರದಂಗಡಿಗಳಲ್ಲಿ ಮಕ್ಕಳ ಪುಸ್ತಕಗಳನ್ನಿರಿಸಿ, ಓದನ್ನು ಗಂಡಸರ ಬಳಗದೊಳಕ್ಕೆ ತಂದಿತು. ಲಬೊವ್ ಗುರುತಿಸಿದ ಸಾಮಾಜಿಕ ತೊಡಕಿಗೆ ಇದು ಸಮರ್ಪಕ ಉತ್ತರ. ಭಾಷಿಕ ತೊಡಕಿಗೆ ಮಾತ್ರ ಪುಸ್ತಕದ ಕಪಾಟು ಸಾಲದು. ಅಧ್ಯಾಪಕರಿಗೆ ಆ ಉಪಭಾಷೆಯ ವ್ಯಾಕರಣಜ್ಞಾನವೂ ಅಗತ್ಯ.