ಸೆಲ್ಫ್ ಹೊಡೆಯದಿದ್ದರೆ ಗೇರ್ ಲಿವರನ್ನು ಕೇಳಿ

ಗೆಳೆಯರೊಬ್ಬರ ಹಳೆಯ ಆಟೊಮ್ಯಾಟಿಕ್ ಕಾರು ಕಳೆದ ವಾರ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಬರುತ್ತವೆ, ಸೆಲ್ಫ್ ಮಾತ್ರ ಹೊಡೆಯುವುದಿಲ್ಲ. ‘ಸೆಲ್ಫ್ ಹೋಗಿದೆ ಸಾರ್, ಬಿಚ್ಚಬೇಕು’ ಎಂದಿದ್ದರಂತೆ ಮೆಕ್ಯಾನಿಕ್.

ನಾನು ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದೆ. ಬೆಳಕು ಚೂರೂ ಮಂಕಾಗಲಿಲ್ಲ. ಬ್ಯಾಟರಿ ಇಳಿದಿದ್ದರೆ ಅಥವಾ ಸೆಲ್ಫ್ ಜಾಮ್ ಆಗಿದ್ದರೆ ಬೆಳಕು ಕುಗ್ಗಬೇಕಿತ್ತು. ಸೆಲ್ಫ್‌ವರೆಗೆ ಕರೆಂಟೇ ಹೋಗುತ್ತಿಲ್ಲವೇನೋ ಅನ್ನಿಸಿತು. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ, ಲಿವರನ್ನು ‘ಪಿ’ಯಿಂದ ‘ಎನ್’ಗೆ ತಂದು ಕೀ ತಿರುಗಿಸಿದೆ. ಎಂಜಿನ್ ಒಂದೇ ಏಟಿಗೆ ಎದ್ದಿತು.

ಇದು ನ್ಯೂಟ್ರಲ್ ಸೇಫ್ಟಿ ಸ್ವಿಚ್ಚಿನ ದೋಷದ ಲಕ್ಷಣ. ಹಲವು ಕಾರುಗಳಲ್ಲಿ ಇದು ಗೇರ್‌ಬಾಕ್ಸಿನ ಪಕ್ಕದಲ್ಲೇ, ಲಿವರಿನ ಕೇಬಲ್ ತಿರುಗಿಸುವ ದಂಡದ ಮೇಲೆ ಕೂತಿರುತ್ತದೆ. ಲಿವರ್ ‘ಪಿ’ ಅಥವಾ ‘ಎನ್’ನಲ್ಲಿದ್ದರೆ ಮಾತ್ರ ಸೆಲ್ಫ್‌ಗೆ ದಾರಿ ಬಿಡುತ್ತದೆ. ರಿವರ್ಸ್ ಲೈಟಿನ ಹೊಣೆಯೂ ಸಾಮಾನ್ಯವಾಗಿ ಇದರದೇ. ಹಾಗಾಗಿ ರಿವರ್ಸ್ ಲೈಟ್ ಆಗಾಗ ಕೈಕೊಡುತ್ತಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರ ತಪ್ಪಾಗಿ ಬರುತ್ತಿದ್ದರೆ ಅನುಮಾನ ಬಲಿಯುತ್ತದೆ. ಸ್ಕ್ಯಾನರಿನಲ್ಲಿ ಪಿ0705 ಕೋಡ್ ಬಂದರೂ ಅಷ್ಟೆ.

ಹಾಗೆಂದು ಕೂಡಲೇ ಹೊಸ ಸ್ವಿಚ್ ತರಿಸಬೇಡಿ. ಕೇಬಲ್ಲಿನ ಬುಷ್ ಸವೆದರೆ ಒಳಗೆ ಲಿವರ್ ‘ಪಿ’ ಎಂದರೂ ಕೆಳಗೆ ಸ್ವಿಚ್ ಅಲ್ಲಿಗೆ ತಲುಪಿರುವುದಿಲ್ಲ. ಅದಕ್ಕೆ ಬುಷ್ ಬದಲಿಸಿ ಕೇಬಲ್ ಅಡ್ಜಸ್ಟ್ ಮಾಡಿದರೆ ಸಾಕು. ಬಟನ್ ಸ್ಟಾರ್ಟ್ ಕಾರಾದರೆ ಹಿಂದೆ ಒಬ್ಬರನ್ನು ನಿಲ್ಲಿಸಿ, ಬ್ರೇಕ್ ಲೈಟ್ ಹತ್ತುತ್ತಿದೆಯೇ ನೋಡಿ. ಬ್ರೇಕ್ ಸ್ವಿಚ್ ಕೆಟ್ಟರೂ ಕಾರು ಹೀಗೇ ಸುಮ್ಮನಿರುತ್ತದೆ. ನಮ್ಮ ಎಎಂಟಿ ಕಾರುಗಳಲ್ಲಿ ಹೆಚ್ಚಿನವಕ್ಕೆ ‘ಪಿ’ ಇರುವುದೇ ಇಲ್ಲ, ಅವನ್ನು ‘ಎನ್’ನಲ್ಲೇ ಸ್ಟಾರ್ಟ್ ಮಾಡಬೇಕು.

ಗೆಳೆಯರ ಕಾರಿನ ಕೇಬಲ್ ಸರಿಯಿತ್ತು. ಕನೆಕ್ಟರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಒರೆಸಿ, ಕೀ ಆಫ್ ಮಾಡಿ, ಸ್ಟಾರ್ಟ್ ಸರ್ಕಿಟ್ಟಿನ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದೆ. ‘ಎನ್’ನಲ್ಲಿ ಸೊನ್ನೆಯ ಹತ್ತಿರ ಓಮ್ ನಿಂತಿತು. ‘ಪಿ’ಯಲ್ಲಿ ಲಿವರನ್ನು ಕೊಂಚ ಅಲುಗಿಸಿದರೆ ಸಾಕು, ಅಂಕಿ ಕುಣಿದು ಮಾಯವಾಗುತ್ತಿತ್ತು. ಒಳಗಿನ ಕಾಂಟ್ಯಾಕ್ಟ್ ಸವೆದಿದೆ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

‘ಎರಡು ವೈರ್ ಸೇರಿಸಿಬಿಟ್ಟರೆ ಆಯಿತಲ್ಲ ಸಾರ್’ ಎಂದರು ಮೆಕ್ಯಾನಿಕ್. ದಯವಿಟ್ಟು ಯಾರೂ ಹಾಗೆ ಮಾಡಿಸಬೇಡಿ. ಆಮೇಲೆ ಕಾರು ‘ಡಿ’ಯಲ್ಲೂ ಸ್ಟಾರ್ಟ್ ಆಗುತ್ತದೆ. ಕ್ಲಚ್ ಪೆಡಲ್ ಇಲ್ಲದ ಕಾರು. ಬ್ರೇಕಿನ ಮೇಲೆ ಕಾಲಿಲ್ಲದಿದ್ದರೆ ಎಂಜಿನ್ ಏಳುತ್ತಲೇ ಮುಂದಕ್ಕೆ ಸರಿಯುತ್ತದೆ. ಗೆಳೆಯರ ಶೆಡ್ಡಿನ ಎದುರಿಗೇ ಮೊಮ್ಮಕ್ಕಳು ಆಡುವ ಅಂಗಳ.

ಹೊಸ ಸ್ವಿಚ್ ಕೂರಿಸಿ, ‘ಎನ್’ನಲ್ಲಿ ಗುರುತಿಗೆ ಗುರುತು ಹೊಂದಿಸಿ ಬೋಲ್ಟ್ ಬಿಗಿದೆವು. ‘ಪಿ’ಯಲ್ಲಿ ಸ್ಟಾರ್ಟ್ ಆಯಿತು, ‘ಎನ್’ನಲ್ಲೂ ಆಯಿತು. ಗೆಳೆಯರು ಇಳಿಯಲು ಹೊರಟರು. ಅವರನ್ನು ತಡೆದು, ಎಂಜಿನ್ ಆಫ್ ಮಾಡಿಸಿ, ಬ್ರೇಕ್ ಒತ್ತಿಸಿಕೊಂಡೇ ಮೊದಲು ‘ಆರ್’ನಲ್ಲಿ, ಆಮೇಲೆ ‘ಡಿ’ಯಲ್ಲಿ ಕೀ ತಿರುಗಿಸಲು ಹೇಳಿದೆ. ಎರಡರಲ್ಲೂ ಸೆಲ್ಫ್ ಹೊಡೆಯಲಿಲ್ಲ. ಆಗಷ್ಟೇ ಬಾನೆಟ್ ಮುಚ್ಚಿದೆ.