ಮಂದ್ರ ವಾದ್ಯವೂ ಹವ್ಯಾಸಿ ಮೇಳವೂ

ಸಂಗೀತ ವಿಮರ್ಶೆ ಎಂಬ ಹೆಸರಿನಲ್ಲಿ ನಮ್ಮಲ್ಲಿ ಪ್ರಕಟವಾಗುವುದರ ಬಹುಭಾಗ ಗಾಯಕನ ವಿಮರ್ಶೆ. ಪಕ್ಕವಾದ್ಯದವರಿಗೆ ಕೊನೆಯಲ್ಲಿ 'ಸೊಗಸಾಗಿ ಸಹಕರಿಸಿದರು' ಎಂಬ ಒಂದು ವಾಕ್ಯ ಮೀಸಲು. ತಂಬೂರಿಯವರಿಗೆ ಅದೂ ಇಲ್ಲ. ಇದು ನಮ್ಮ ದೇಶಕ್ಕೇ ವಿಶಿಷ್ಟವಾದ ದೋಷವೆಂದು ತಿಳಿಯಬೇಕಾಗಿಲ್ಲ. ಪಶ್ಚಿಮದ ಜನಪ್ರಿಯ ಸಂಗೀತದಲ್ಲಿ ಬೇಸ್ ಗಿಟಾರ್ ಎಂಬ ನಾಲ್ಕು ತಂತಿಯ ವಾದ್ಯಕ್ಕೆ ಎಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರ ಮೇಲೆ ಬರೆದದ್ದೂ ರಾಶಿಯಾಗಿ ಬಿದ್ದಿದೆ. ಆದರೆ ಅದರಲ್ಲಿ ಹೆಚ್ಚಿನದು ಮರ ಯಾವುದು, ತಂತಿ ಯಾವುದು, ಧ್ವನಿವರ್ಧಕ ಎಷ್ಟು ವಾಟಿನದು ಎಂಬ ವರ್ಣನೆ. ಆ ವಾದ್ಯ ಮೇಳದಲ್ಲಿ ನಿಂತು ಏನು ಮಾಡುತ್ತದೆ ಎಂಬ ವಿವೇಚನೆ ಅಪರೂಪ. ಒಡವೆಯ ತೂಕವನ್ನೇ ಹೇಳಿ ತೊಟ್ಟವಳನ್ನು ಮರೆತ ಹಾಗೆ.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಐದು ಮಂದಿ ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿದೆವು. ಮದುವೆ ಮೆರವಣಿಗೆಯ ಬ್ಯಾಂಡಲ್ಲ, ಗಿಟಾರು ಡ್ರಮ್ಮುಗಳದು. ಆರು ತಂತಿಯ ಗಿಟಾರಿಗೆ ಆಗಲೇ ಇಬ್ಬರಿದ್ದುದರಿಂದ ನಾಲ್ಕು ತಂತಿಯದು ನನ್ನ ಪಾಲಿಗೆ ಬಂತು. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಹವ್ಯಾಸಿ ಮೇಳಗಳಲ್ಲಿ ಈ ವಾದ್ಯ ಹಿಡಿದ ಬಹುಮಂದಿಯ ಕಥೆ ಹೀಗೆಯೇ. ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿಯವರದೂ ಬೇರೆಯಲ್ಲ. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಮೇಳವನ್ನು ಬಿಟ್ಟಾಗ ಆ ಜಾಗ ಉಳಿದವರಿಗೆ ಬೇಕಿರಲಿಲ್ಲ, ಮೆಕಾರ್ಟ್ನಿ ಒಪ್ಪಿಕೊಂಡರು. ಹ್ಯಾಂಬರ್ಗ್ ನಗರದಲ್ಲಿ ಸುಮಾರು 30 ಪೌಂಡಿಗೆ ಪಿಟೀಲಿನ ಆಕಾರದ ಹಾಫ್ನರ್ ವಾದ್ಯವೊಂದನ್ನು ಕೊಂಡರು. ಅವರು ಎಡಗೈಯವರು. ಎರಡು ಪಕ್ಕವೂ ಸಮವಾಗಿದ್ದ ಆ ವಾದ್ಯ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದು ಎಂಬುದು ಕೊಳ್ಳಲು ಒಂದು ಮುಖ್ಯ ಕಾರಣ.

ಇನ್ನು ಈ ವಾದ್ಯದ ಕೆಲಸವೇನು? ಕೇಳಿದವರಿಗೆ 'ನಮ್ಮ ತಂಬೂರಿಯ ಹಾಗೆ' ಎಂದು ಉತ್ತರ ಕೊಡುವುದು ವಾಡಿಕೆಯಾಗಿದೆ. ಈ ಹೋಲಿಕೆ ಅರ್ಧ ಮಾತ್ರ ಸರಿ. ತಂಬೂರಿ ನೆಲ, ಅದು ಕದಲುವುದಿಲ್ಲ, ಕದಲಬಾರದು. ಬೇಸ್ ಕದಲುವ ನೆಲ. ಮೇಲೆ ಗಾಯಕ ಷಡ್ಜವನ್ನೇ ಹಿಡಿದು ನಿಂತಿದ್ದಾನೆ ಎನ್ನಿ. ಕೆಳಗೆ ಬೇಸಿನವನು ಷಡ್ಜವನ್ನೇ ಮೀಟಿದರೆ ಮನೆಗೆ ಬಂದಂತಾಗುತ್ತದೆ. ಅವನು ಶುದ್ಧ ಮಧ್ಯಮಕ್ಕೆ ಸರಿದರೆ ಗಾಯಕನ ಅದೇ ಸ್ವರ ಈಗ ಪಂಚಮದಂತೆ ಕೇಳುತ್ತದೆ. ಚತುಶ್ರುತಿ ಧೈವತಕ್ಕೆ ಇಳಿದರೆ ಸಾಧಾರಣ ಗಾಂಧಾರದ ನೆರಳು ಬಿದ್ದು ವಿಷಾದ ಮೂಡುತ್ತದೆ. ಗಾಯಕ ಏನನ್ನೂ ಬದಲಿಸಿಲ್ಲ. ಅವನ ಮಾತಿನ ಅರ್ಥ ಮಾತ್ರ ಬದಲಾಗಿದೆ. ನಮ್ಮ ಶಾಸ್ತ್ರದ ಗ್ರಹಭೇದವನ್ನು ಬಲ್ಲವರಿಗೆ ಇದರ ತತ್ತ್ವ ಹೊಸದೇನಲ್ಲ. ಹಾಡಿನ ಅರ್ಥವನ್ನು ಇಷ್ಟರಮಟ್ಟಿಗೆ ಕೈಯಲ್ಲಿಟ್ಟುಕೊಂಡವನನ್ನು 'ಸಹಕರಿಸಿದರು' ಎಂಬ ಮಾತಿನಲ್ಲಿ ಮುಗಿಸುವುದು ನ್ಯಾಯವಲ್ಲ.

ವಾದ್ಯದ ಹುಟ್ಟಿನಲ್ಲಿಯೂ ಒಂದು ಸ್ವಾರಸ್ಯವಿದೆ. ಮೊದಲು ಈ ಕೆಲಸಕ್ಕೆ ಆಳುದ್ದದ ಡಬಲ್ ಬೇಸ್ ಇತ್ತು. ಅದಕ್ಕೆ ಮೆಟ್ಟುಗಳಿಲ್ಲ, ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕು, ಹೊತ್ತು ತಿರುಗುವುದು ಕಷ್ಟ, ವಿದ್ಯುತ್ ಗಿಟಾರುಗಳು ಬಂದ ಮೇಲಂತೂ ಅದರ ದನಿ ಮುಳುಗಿಹೋಗುತ್ತಿತ್ತು. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲಿಯೇ ಮೆಟ್ಟುಗಳಿರುವ ವಿದ್ಯುತ್ ಬೇಸ್ ಮಾಡಿದ್ದರು, ಅದು ನಡೆಯಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್ನಿನ ಲಿಯೊ ಫೆಂಡರ್ 1951ರಲ್ಲಿ ಹೊರತಂದದ್ದು ನಿಂತಿತು. ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ವೀಣೆಗಿರುವಂತೆ ಮೆಟ್ಟುಗಳಿದ್ದು ಸ್ವರ ನಿಖರವಾಗಿ ಬೀಳುವುದರಿಂದ ಅದಕ್ಕೆ 'ಪ್ರಿಸಿಷನ್' ಎಂದು ಹೆಸರಿಟ್ಟರು. ಅಂದರೆ, ಸಾಮಾನ್ಯ ಗಿಟಾರ್ ಬಲ್ಲವನೂ ಹೆಚ್ಚಿನ ಸಾಧನೆಯಿಲ್ಲದೆ ನುಡಿಸಬಹುದಾದ ವಾದ್ಯ. ಸಾಧನೆಯನ್ನು ಸುಲಭ ಮಾಡುವ ಉಪಕರಣ ಕಲೆಯನ್ನು ಕೀಳುಮಾಡುತ್ತದೆ ಎಂದು ವಾದಿಸುವ ಪಂಡಿತರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂದೆ ಹೇಳಲಿರುವ ಜೇಮರ್ಸನ್ ನುಡಿಸಿದ್ದು ಈ ಸುಲಭದ ವಾದ್ಯವನ್ನೇ.

ಆದರೆ ಇದೂ ಇಲ್ಲದೆ ಮೇಳ ಕಟ್ಟಿದವರುಂಟು. 1956ರಲ್ಲಿ ಲಾನಿ ಡೊನೆಗನ್ ಹಾಡಿದ 'ರಾಕ್ ಐಲೆಂಡ್ ಲೈನ್' ಇಂಗ್ಲೆಂಡಿನಲ್ಲಿ ಜನಪ್ರಿಯವಾದದ್ದೇ ತಡ, ಬೀದಿಬೀದಿಯಲ್ಲಿ ಹುಡುಗರ 'ಸ್ಕಿಫಲ್' ಮೇಳಗಳು ಎದ್ದವು. ಅವರ ಬೇಸ್ ವಾದ್ಯ ಚಹಾ ಪೆಟ್ಟಿಗೆ! ಅಸ್ಸಾಮಿನಿಂದಲೋ ಸಿಂಹಳದಿಂದಲೋ ಚಹಾ ತುಂಬಿಕೊಂಡು ಹಡಗೇರಿ ಹೋದ ಪ್ಲೈವುಡ್ ಪೆಟ್ಟಿಗೆಯನ್ನು ಬೋರಲು ಹಾಕಿ, ಅದಕ್ಕೊಂದು ಪೊರಕೆಯ ಕೋಲು ನಿಲ್ಲಿಸಿ, ಕೋಲಿನ ತುದಿಯಿಂದ ಪೆಟ್ಟಿಗೆಯ ನಡುವಿಗೆ ಹುರಿ ಬಿಗಿದರೆ ವಾದ್ಯ ಸಿದ್ಧ. ಕೋಲನ್ನು ಹಿಂದಕ್ಕೆ ವಾಲಿಸಿದರೆ ಹುರಿ ಬಿಗಿಯಾಗಿ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಯಾವ ಸ್ವರವೆಂದು ಖಚಿತವಾಗಿ ಹೇಳುವಂತಿಲ್ಲ. ದೊಪ್ಪೆಂಬ ನಾದ ಬಂದರೆ ಸಾಕು. 1957ರ ಜುಲೈ 6ರಂದು ಲಿವರ್‌ಪೂಲಿನ ವೂಲ್ಟನ್ ಇಗರ್ಜಿಯ ಜಾತ್ರೆಯಲ್ಲಿ ಜಾನ್ ಲೆನನ್ ಹಾಡಿ, ಹದಿನೈದರ ಮೆಕಾರ್ಟ್ನಿ ಕೇಳಿದ ಕ್ವಾರಿಮೆನ್ ಇಂಥದೇ ಚಹಾ ಪೆಟ್ಟಿಗೆಯ ಮೇಳ. ನಮ್ಮ ತೋಟದ ಕೂಲಿಗಳು ಮೊಳೆ ಹೊಡೆದು ಕಳಿಸಿದ ಪೆಟ್ಟಿಗೆಗೆ ಅಲ್ಲಿ ಇಂಥ ಉದ್ಯೋಗ ಸಿಕ್ಕಿತೆಂದು ಅವರಿಗೆ ಯಾರು ಹೇಳಬೇಕು!

ಹವ್ಯಾಸಿ ಎಂಬ ಮಾತಿಗೆ ಕನ್ನಡದಲ್ಲಿ ಗೌರವವಿದೆ. ಕೈಲಾಸಂ ಅವರ ನಾಟಕಗಳು ಬೆಳೆದದ್ದು ಹವ್ಯಾಸಿಗಳ ಕೈಯಲ್ಲಿ. ಸಂಜೆ ಆಫೀಸು ಮುಗಿಸಿ ಬಂದವರು ಮಾತು ಕಲಿತು ರಂಗವೇರುತ್ತಿದ್ದರು. ಈಗ ಬೆಂಗಳೂರಿನ ಬಡಾವಣೆಗಳಲ್ಲಿ ಭಾನುವಾರ ಕಿಟಕಿ ಮುಚ್ಚಿಕೊಂಡು ಅಭ್ಯಾಸ ಮಾಡುವ ಬ್ಯಾಂಡುಗಳವರೂ ಅದೇ ಜಾತಿಯವರು: ಬ್ಯಾಂಕಿನವರು, ಕಂಪ್ಯೂಟರಿನವರು, ನನ್ನಂಥ ಮೇಷ್ಟರು. ಹಣಕ್ಕಾಗಿ ನುಡಿಸದವನಿಗೆ ಉಪಕರಣದ ಮೋಹ ಹೆಚ್ಚು ಎಂಬುದು ನಾನು ಕಂಡ ಮಾತು. ವೃತ್ತಿಯವನಿಗೆ ವಾದ್ಯ ಸನಿಕೆಯಿದ್ದಂತೆ. ಹವ್ಯಾಸಿಗೆ ಅಭ್ಯಾಸ ಮಾಡಲು ವಾರಕ್ಕೆ ಮೂರು ಗಂಟೆ, ವಾದ್ಯಗಳನ್ನು ಕುರಿತು ಓದಲು ಪ್ರತಿ ರಾತ್ರಿ.

ನನ್ನ ಕಿರಿಯ ಸ್ನೇಹಿತರೊಬ್ಬರಿದ್ದಾರೆ. ಬ್ಯಾಂಕಿನಲ್ಲಿ ಅಧಿಕಾರಿ, ಬೆರಳು ನನ್ನದಕ್ಕಿಂತ ಚುರುಕು. ನನ್ನ ಎರಡು ತಿಂಗಳ ಸಂಬಳವನ್ನು ಮೀರುವ ಬೆಲೆಯ ವಾದ್ಯ ತರಿಸಿದರು. ದುಂಡು ತಂತಿ ಸುತ್ತಿದ್ದು, ಪಟ್ಟಿ ಸುತ್ತಿದ್ದು ಎಂದು ತಂತಿಗಳನ್ನು ಬದಲಿಸಿ ಬದಲಿಸಿ ನೋಡಿದರು. ಅವರ ಮನೆಯಲ್ಲಿ ಒಬ್ಬರೇ ನುಡಿಸಿದಾಗ ಕೇಳಿದ್ದೇನೆ. ಕೆಳಗೆ ಘನವಾದ ಗುಂಗು, ಮೇಲೆ ಗೆಜ್ಜೆಯಂಥ ಹೊಳಪು, ಕಿವಿಗೆ ಹಬ್ಬ. ಒಂದು ಭಾನುವಾರ ತಮ್ಮ ಮೇಳದ ಅಭ್ಯಾಸಕ್ಕೆ ಕರೆದರು. ಹತ್ತಡಿ ಹನ್ನೆರಡಡಿ ಕೋಣೆ. ಡ್ರಮ್ಮು, ಎರಡು ಗಿಟಾರು, ಹಾಡುವ ಹುಡುಗಿ. ನಾನು ನಡುವೆ ಕುರ್ಚಿ ಹಾಕಿಕೊಂಡು ಕೂತೆ. ಅವರು ತಮ್ಮ ದನಿ ಏರಿಸಿದರು. ಗಿಟಾರಿನವರು ತಮ್ಮದನ್ನು ಏರಿಸಿದರು. ಹುಡುಗಿ ಕಿರುಚಿ ಹಾಡಬೇಕಾಯಿತು. ಮುಗಿದ ಮೇಲೆ ಹೊರಗೆ ಬಂದು ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ನನ್ನದು ಕೇಳಿಸಿತೇ?"

"ಎರಡು ಸಲ ಕೇಳಿಸಿತು, ತಂತಿ ಶ್ರುತಿ ಮಾಡಿಕೊಳ್ಳಲು ನೀವು ನಿಲ್ಲಿಸಿದಾಗ" ಎಂದೆ. ನಕ್ಕರು, ಆದರೆ ಮನಸ್ಸಿಗೆ ನಾಟಿತೆಂದು ಕಂಡಿತು.

ಇದರಲ್ಲಿ ಅವರ ಕೈಯ ದೋಷವೂ ಇರಲಿಲ್ಲ, ವಾದ್ಯದ ದೋಷವೂ ಇರಲಿಲ್ಲ. ಬೇಸಿನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ಒಂದು ಅಲೆಯ ಉದ್ದ ಗಾಳಿಯಲ್ಲಿ 27 ಅಡಿಯಷ್ಟು. ಸಣ್ಣ ಕೋಣೆಯಲ್ಲಿ ಅಂಥ ನಾದ ಮೂಲೆಗಳಲ್ಲಿ ಗುಡ್ಡೆಯಾಗಿ ನಡುವೆ ತೆಳುವಾಗುತ್ತದೆ. ಅದರ ಜೊತೆಗೆ ಡ್ರಮ್ಮು ಕೆಳಗಿನ ಗುಂಗನ್ನು ನುಂಗುತ್ತದೆ, ತಾಳದ ಬಟ್ಟಲುಗಳೂ ಗಿಟಾರುಗಳೂ ಮೇಲಿನ ಹೊಳಪನ್ನು ನುಂಗುತ್ತವೆ. ಮಿಕ್ಕುವುದು ನಡುವಿನ ದನಿ. ಒಂಟಿಯಾಗಿ ಕೇಳಿದಾಗ ಮೂಗಿನಲ್ಲಿ ಮಾತಾಡಿದಂತಿರುವ, ಎಲ್ಲರೂ ಗುಂಡಿ ತಿರುಗಿಸಿ ಕಡಮೆ ಮಾಡುವ ದನಿ. ಕೂಟದಲ್ಲಿ ಹಾಡನ್ನು ಹೊರುವುದು ಅದೇ. ಮೃದಂಗದ ಎಡಭಾಗಕ್ಕೆ ಮೆತ್ತುವ ರವೆಯ ಕಣಕ ನೋಡಲು ಚೆಂದವಲ್ಲ, ಆದರೆ ಅದಿಲ್ಲದೆ ಕಛೇರಿಯಿಲ್ಲ. ಮುಂದಿನ ವಾರ ನನ್ನ ಸ್ನೇಹಿತರು ಗುಂಗನ್ನು ಇಳಿಸಿ ನಡುವಿನ ದನಿಯನ್ನು ಏರಿಸಿದರು. ಉಳಿದವರು ತಾವಾಗಿಯೇ ತಗ್ಗಿದರು, ಹುಡುಗಿಯ ಸಾಹಿತ್ಯ ಸ್ಪಷ್ಟವಾಯಿತು. ಆದರೆ ಸ್ನೇಹಿತರ ಮುಖದಲ್ಲಿ ಗೆಲುವಿರಲಿಲ್ಲ. ಅವರು ಕೊಂಡದ್ದು ಮನೆಯ ಆ ನಾದಕ್ಕಾಗಿ. ಮೇಳ ಕೇಳಿದ್ದು ಅದನ್ನು ಬಿಟ್ಟುಕೊಡು ಎಂದು. ಇದು ಚಿಕ್ಕ ತ್ಯಾಗವಲ್ಲ. ಬಹಳ ಮೇಳಗಳು ಒಡೆಯುವುದು ಈ ಹಂತದಲ್ಲಿಯೇ, ಜಗಳದ ನೆಪ ಮಾತ್ರ ಬೇರೆ ಇರುತ್ತದೆ.

ಈ ಹಿನ್ನೆಲೆಯಲ್ಲಿ ಜೇಮ್ಸ್ ಜೇಮರ್ಸನ್ ಅವರನ್ನು ನೋಡಬೇಕು. 1936ರಲ್ಲಿ ದಕ್ಷಿಣ ಕ್ಯಾರೊಲಿನದಲ್ಲಿ ಹುಟ್ಟಿ ಡೆಟ್ರಾಯಿಟಿಗೆ ಬಂದ ಈ ಕಪ್ಪು ಜನಾಂಗದ ಕಲಾವಿದ 1960ರ ದಶಕದಲ್ಲಿ ಮೋಟೌನ್ ಸಂಸ್ಥೆಯ ಹಾಡುಗಳ ಬಹುಭಾಗಕ್ಕೆ ಬೇಸ್ ನುಡಿಸಿದರು. ಅವರ ಉಪಕರಣವೋ? 1962ರ ಒಂದು ಪ್ರಿಸಿಷನ್, ಪಟ್ಟಿ ಸುತ್ತಿದ ದಪ್ಪ ತಂತಿಗಳು. ಆ ತಂತಿಗಳನ್ನು ಅವರು ಬದಲಿಸುತ್ತಿರಲಿಲ್ಲ. ಹಳೆಯದಾಗಿ ಕೊಳೆ ಕೂತಷ್ಟೂ ಒಳ್ಳೆಯದೆಂದು ಅವರ ಮತ. ತಂತಿಯ ಬುಡದಲ್ಲಿ ಸ್ಪಂಜಿನ ತುಂಡು ಸಿಕ್ಕಿಸಿ ಅನುರಣನವನ್ನು ಅಡಗಿಸುತ್ತಿದ್ದರು. ಮೀಟುತ್ತಿದ್ದದ್ದು ಬಲಗೈಯ ತೋರುಬೆರಳೊಂದರಿಂದಲೇ. ಇಂದು ಯಾವ ಅಂಗಡಿಯಲ್ಲಿಯಾದರೂ ಇಂಥ ವಾದ್ಯವನ್ನು ಮೀಟಿ ನೋಡಿದ ಹುಡುಗ ಕೆಟ್ಟಿದೆಯೆಂದು ಕೆಳಗಿಡುತ್ತಾನೆ. ಹಾಡಿನೊಳಗೆ ಕೇಳಿದರೆ ಆ ಮೊಂಡು ನಾದ ಗಾಯಕನಿಗೆ ಎಲ್ಲಿ ಜಾಗ ಬೇಕೋ ಅಲ್ಲಿ ಸರಿದು ನಿಲ್ಲುತ್ತದೆ, ಗಾಯಕ ಉಸಿರು ತೆಗೆದುಕೊಂಡಲ್ಲಿ ಓಡುತ್ತದೆ. ನೇಪಥ್ಯದಲ್ಲಿದ್ದು ಕಥೆ ನಡೆಸುವವನ ಹಾಗೆ.

ಅವರ ಹೆಸರು ಮಾತ್ರ ಮುದ್ರಿಕೆಗಳ ಮೇಲೆ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಮೋಟೌನಿನ ವಾದ್ಯಗಾರರ ಹೆಸರು ಮೊದಲ ಬಾರಿ ಹೊದಿಕೆಯ ಮೇಲೆ ಅಚ್ಚಾಯಿತು. ಮರುವರ್ಷವೇ ಸಂಸ್ಥೆ ಲಾಸ್ ಏಂಜಲಿಸಿಗೆ ಹೊರಟುಹೋಯಿತು. ಜೇಮರ್ಸನ್ 1983ರಲ್ಲಿ ತೀರಿಕೊಂಡರು, ನಲವತ್ತೇಳು ವರ್ಷ ತುಂಬಿರಲಿಲ್ಲವೆಂದು ಹೇಳುವುದಕ್ಕಿಲ್ಲ, ಆಗತಾನೆ ತುಂಬಿತ್ತು ಎನ್ನಬಹುದು. ಅದಕ್ಕೆ ಸ್ವಲ್ಪ ಮೊದಲು ಆ 1962ರ ವಾದ್ಯವೂ ಕಳುವಾಗಿತ್ತು. ಮೆಕಾರ್ಟ್ನಿಯವರ ಹಾಫ್ನರ್ ಕೂಡ 1972ರಲ್ಲಿ ಕಳುವಾಗಿ, ಅದು ಸಿಕ್ಕಿತೆಂಬ ಸುದ್ದಿ 2024ರಲ್ಲಿ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಜೇಮರ್ಸನ್ನರ ವಾದ್ಯಕ್ಕೆ ಅಂಥ ಸುಯೋಗ ಒದಗಿದ್ದನ್ನು ನಾನು ಓದಿಲ್ಲ.

ಅವರಿಗೆ ನ್ಯಾಯ ಒದಗಿಸಿದ್ದು 1989ರ ಒಂದು ಪುಸ್ತಕ, ಅಲನ್ ಸ್ಲಟ್ಸ್‌ಕಿ ಅವರ 'ಸ್ಟ್ಯಾಂಡಿಂಗ್ ಇನ್ ದ ಷ್ಯಾಡೋಸ್ ಆಫ್ ಮೋಟೌನ್'. ಅದೇ ಹೆಸರಿನ ಚಲನಚಿತ್ರ 2002ರಲ್ಲಿ ಬಂತು. ಪುಸ್ತಕದಲ್ಲಿ ಜೀವನಕಥೆಯ ಜೊತೆಗೆ ಅವರು ನುಡಿಸಿದ್ದನ್ನು ಸ್ವರಲಿಪಿಗೆ ಇಳಿಸಿದ್ದಾರೆ. ಶ್ರಮದ ಕೆಲಸ; ಅದಿಲ್ಲದಿದ್ದರೆ ನನ್ನಂಥವರಿಗೆ ಆ ಹೆಸರೇ ತಿಳಿಯುತ್ತಿರಲಿಲ್ಲ. ಆದರೂ ವಿಮರ್ಶಕನಾಗಿ ನನ್ನದೊಂದು ಆಕ್ಷೇಪವಿದೆ. ಸ್ವರಲಿಪಿಯಲ್ಲಿ ಬೇಸಿನ ಸಾಲು ಮಾತ್ರ ಇದೆ, ಹಾಡು ಇಲ್ಲ. ಇದನ್ನನುಸರಿಸಿ ಈಗ ಹಾಡಿನಿಂದ ಉಳಿದ ದನಿಗಳನ್ನೆಲ್ಲ ಅಳಿಸಿ ಜೇಮರ್ಸನ್ನರೊಬ್ಬರನ್ನೇ ಕೇಳಿಸುವ ಪದ್ಧತಿ ಬಂದಿದೆ. ಹುಡುಗರು ಅದನ್ನು ಅಕ್ಷರಶಃ ಕಲಿತು, ಮಿಂಚಿನ ವೇಗದಲ್ಲಿ ಒಪ್ಪಿಸುತ್ತಾರೆ. ಕಾವ್ಯದಿಂದ ಅಲಂಕಾರಗಳನ್ನು ಹೆಕ್ಕಿ ಕಂಠಪಾಠ ಮಾಡಿಸುವ ನಮ್ಮ ತರಗತಿಗಳ ನೆನಪಾಗುತ್ತದೆ. ಮೀಟದೆ ಬಿಟ್ಟ ಕಡೆಗಳು ಏಕೆ ಬಿಟ್ಟವು ಎಂಬುದು ಗಾಯಕನಿಲ್ಲದೆ ತಿಳಿಯುವ ಬಗೆ ಹೇಗೆ? ಹೆಸರಿಲ್ಲದವನಿಗೆ ಹೆಸರು ತರಲು ಅವನನ್ನು ಮೇಳದಿಂದ ಹೊರಗೆಳೆಯಬೇಕಾಯಿತು. ಇದಕ್ಕೆ ಬೇರೆ ದಾರಿಯಿತ್ತೆಂದು ನಾನೂ ಹೇಳಲಾರೆ. ಹಾಗೆ ಹೊರಗೆಳೆದದ್ದನ್ನು ಮತ್ತೆ ಒಳಗಿಟ್ಟು ಕೇಳಿಸುವ ಭಾಗವೊಂದು ಪುಸ್ತಕದಲ್ಲಿ ಇನ್ನಷ್ಟು ವಿಸ್ತಾರವಾಗಿ ಬೇಕಿತ್ತು.

ಇಷ್ಟಕ್ಕೂ ದೂರ ಹೋಗಬೇಕಾಗಿಲ್ಲ. ಇಳಯರಾಜ ಅವರು ಸಂಗೀತ ಕೊಟ್ಟ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳು ಓದುಗರಲ್ಲಿ ಬಹುಮಂದಿಗೆ ಬಾಯಿಪಾಠ. ಅವುಗಳ ಕೆಳಗೆ ಬೇಸ್ ತನ್ನದೇ ನಡಿಗೆಯಲ್ಲಿ ನಡೆಯುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮಧ್ಯಾಹ್ನ ಹತ್ತು ಮಂದಿಯನ್ನು ಕೇಳಿದೆ: ಹಾಡಿದವರು ಯಾರು? ಹತ್ತೂ ಜನ ಹೇಳಿದರು. ಕೆಳಗೆ ನುಡಿಸಿದವರು ಯಾರು? ಯಾರೂ ಹೇಳಲಿಲ್ಲ. ಆದರೆ ಸಂಸ್ಕೃತದ ಮೇಷ್ಟರೊಬ್ಬರು, ಸಂಗೀತ ಕಲಿತವರಲ್ಲ, ಮೇಜಿನ ಮೇಲೆ ಬೆರಳಿನಿಂದ ಆ ಕೆಳಗಿನ ನಡಿಗೆಯನ್ನು ತಪ್ಪಿಲ್ಲದೆ ಬಡಿದು ತೋರಿಸಿದರು.